ವಿಮಾನಕ್ಕೆ ಕೊಟ್ಟ ಉಚಲ್

ನಮ್ಮಪ್ಪ ಉದ್ದಪ್ಪನ ಕಣ್ಣಿಗೆ ಜಗತ್ತಿನಲ್ಲಿ ಎರಡೇ ಜಾತಿಯ ಮನುಷ್ಯರು: ಉಚಲ್ ಕೊಟ್ಟವರು, ಉಚಲ್ ತೆಗೆದುಕೊಂಡವರು. ಕುಲಗೋಡದ ಸುತ್ತ ಕಬ್ಬು ಕಡಿಸುವ ಮುಕಾದಮ ಆತ. ಹಂಗಾಮು ಶುರುವಾಗುವ ಮೊದಲೇ ಕಡಿಯುವ ಗ್ಯಾಂಗಿಗೆ ಪೂರಾ ಮುಂಗಡ ಕೊಟ್ಟುಬಿಡುತ್ತಾನೆ, ಅದೇ ಉಚಲ್. ಒಮ್ಮೆ ತೆಗೆದುಕೊಂಡರೆ ಮುಗಿಯಿತು, ಮಳೆ ಬರಲಿ, ಜ್ವರ ಬರಲಿ, ಕೊನೆಯ ಸಾಲಿನ ಕಬ್ಬು ಬೀಳುವವರೆಗೆ ಆ ಗ್ಯಾಂಗ್ ಅಪ್ಪನದು. ಹಾಗಾಗಿ ನಾನು ವಿಮಾನ ಹಾರಿಸುವುದನ್ನು ಕಲಿಯುತ್ತೇನೆ ಎಂದಾಗ ಆತ ನಗಲಿಲ್ಲ, ಬೈಯಲಿಲ್ಲ. "ಉಚಲ್ ಎಷ್ಟಂತ?" ಎಂದು ಕೇಳಿದ.

ಜನರನ್ನು ಹೊತ್ತೊಯ್ಯುವ ದೊಡ್ಡ ಪೈಲಟ್ ಆಗುವುದು ನಮ್ಮಂಥವರ ಮಾತಲ್ಲ. ಆ ಹಣದಲ್ಲಿ ನಮ್ಮೂರಿನ ಒಂದು ಓಣಿಯನ್ನೇ ಕೊಳ್ಳಬಹುದು. ಆದರೆ ಸ್ವಂತಕ್ಕೆ ಹಾರಿಸುವ ಸಣ್ಣ ಲೈಸೆನ್ಸ್ ಒಂದಿದೆ. ಅದು ಕೈಯಲ್ಲಿದ್ದರೆ ಮುಂದೆ ದೊಡ್ಡ ಲೈಸೆನ್ಸಿಗೆ ಸಾಲ ಕೇಳಲು ಹೋದಾಗ ಬ್ಯಾಂಕಿನವರು ಕುರ್ಚಿಯನ್ನಾದರೂ ತೋರಿಸುತ್ತಾರೆ ಎಂಬುದು ನನ್ನ ಲೆಕ್ಕ. ಗೋಕಾಕದ ಕಾಲೇಜಿನಲ್ಲಿ ಬಿಎಸ್ಸಿ ಓದುವಾಗಲೇ ನನಗೆ ಈ ಹುಚ್ಚು ಹಿಡಿದಿತ್ತು. ಕಾಜಲ್ ಎಂದು ಯಾರಾದರೂ ಕೂಗಿದರೆ ಮೊದಲು ಆಕಾಶ ನೋಡಿ, ಆಮೇಲೆ ಕೂಗಿದವರನ್ನು ನೋಡುತ್ತಿದ್ದೆ.

ಗಡಿಯಾಚೆ, ಮಹಾರಾಷ್ಟ್ರದಲ್ಲಿ, ಒಂದೇ ವಿಮಾನವಿದ್ದ ಸಣ್ಣ ಶಾಲೆ ಸಿಕ್ಕಿತು. ಅದರ ಮ್ಯಾನೇಜರ್ ಗೋಕಾಕದವನು. ನಮ್ಮ ಕಡೆಯವನು ಎನ್ನುವ ಒಂದೇ ಕಾರಣಕ್ಕೆ ಅಪ್ಪ ಅರ್ಧ ಸೋತ. ಹಾರಲು ಕಲಿಸುವ ಮೇಷ್ಟ್ರು ಮಾತ್ರ ನನ್ನನ್ನು ಬದಿಗೆ ಕರೆದು, ಹಣ ಕಡಿಮೆ ಇದ್ದವರು ಹಾರಿದಷ್ಟು ತಾಸಿಗೆ ಮಾತ್ರ ಕೊಡಬೇಕು, ಮೊದಲೇ ಕೊಡಬಾರದು ಎಂದು ಬಿಡಿಸಿ ಹೇಳಿದ್ದರು. ಅದನ್ನು ಅಪ್ಪನಿಗೆ ಹೇಳಿದೆ. ಆತನಿಗೆ ಅವಮಾನವಾಯಿತು.

"ತಾಸಿನ ಲೆಕ್ಕ ಕಸಾ ತಗಿಯೋ ಕೂಲಿಗೆ," ಎಂದ. "ಪೂರಾ ಉಚಲ್ ಎಣಿಸಿದ್ರ ಅಂವ ನಮ್ಮಾಂವ. ಬ್ಯಾರೇದವರ ಕಡೆ ತಿರುಗಿ ಸೈತ ನೋಡೂದಿಲ್ಲ."

ವರ್ಷಗಟ್ಟಲೆ ಕೂಡಿಟ್ಟದ್ದರ ಜೊತೆಗೆ ಆ ವರ್ಷದ ಗ್ಯಾಂಗಿಗೆಂದು ತೆಗೆದಿಟ್ಟಿದ್ದ ಹಣವನ್ನೂ ಸೇರಿಸಿ ಮ್ಯಾನೇಜರನ ಕೈಗಿಟ್ಟ. ಸಕ್ಕರೆ ಫ್ಯಾಕ್ಟರಿಯಿಂದ ಮುಂಗಡ ಬಂದಾಗ ಗ್ಯಾಂಗಿಗೆ ಕೊಟ್ಟರಾಯಿತು ಎಂಬ ಧೈರ್ಯ. ಫ್ಯಾಕ್ಟರಿಯವರು ಆ ವರ್ಷ, ಮೊದಲು ಗ್ಯಾಂಗ್ ತೋರಿಸು, ಆಮೇಲೆ ಹಣ ಕೇಳು ಎಂದರು.

ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ. ಈ ಗಾದೆ ಮಾಡಿದವನಿಗೆ ನಮ್ಮಪ್ಪ ಗೊತ್ತಿದ್ದಿರಬೇಕು.

ಮೊದಮೊದಲು ಎಲ್ಲ ಚೆನ್ನಾಗಿಯೇ ನಡೆಯಿತು. ನೆಲ ಬಿಟ್ಟೇಳುವುದನ್ನು ಕಲಿತೆ, ಇಳಿಸುವುದನ್ನು ಕಲಿತೆ. ಇನ್ನು ನಾಲ್ಕು ಸಲ ಸರಿಯಾಗಿ ಇಳಿಸಿದರೆ ತಾನು ಕೆಳಗಿಳಿಯುತ್ತೇನೆ, ನೀನೊಬ್ಬಳೇ ಹೋಗಿ ಬಾ ಎಂದು ಮೇಷ್ಟ್ರು ಹೇಳಿದ ದಿನ ನನಗೆ ಊಟ ಸೇರಲಿಲ್ಲ. ನನಗೆ ಬೇಕಾದದ್ದು ಅದೊಂದೇ, ಬಾಜೂ ಸೀಟು ಖಾಲಿ ಇಟ್ಟುಕೊಂಡು ಒಂದು ಸಲ ಮೇಲೇಳುವುದು. ಮರುವಾರ ಎಂಜಿನ್ ರಿಪೇರಿಗೆ ಹೋಯಿತು. ಅದು ತಿರುಗಿ ಬರಲಿಲ್ಲ. ಪಗಾರ ಸಿಗದೆ ಮೇಷ್ಟ್ರೂ ಬೇರೆ ಶಾಲೆಗೆ ಹೋದರು. ಶಾಲೆ ಮುಚ್ಚಿತು, ಅಪ್ಪ ಕೊಟ್ಟ ಹಣ ಅಲ್ಲೇ ಉಳಿಯಿತು.

ಹಾರುವ ವಿದ್ಯೆ ಹಾಲಿದ್ದ ಹಾಗೆ, ಬಿಟ್ಟರೆ ಕೆಡುತ್ತದೆ. ಕೈ ಮರೆತರೆ ಕಲಿತದ್ದನ್ನೇ ಮತ್ತೆ ಹಣ ಕೊಟ್ಟು ಕಲಿಯಬೇಕು. ಮರೆಯಬಾರದೆಂದು ದಿನವೂ ಅಡುಗೆಮನೆಯ ಮಣೆಯ ಮೇಲೆ ಕೂತು, ಕಣ್ಣು ಮುಚ್ಚಿ, ಲಟ್ಟಣಿಗೆ ಹಿಡಿದು ವಿಮಾನ ಇಳಿಸುತ್ತಿದ್ದೆ. ಅವ್ವ ಬಾಳವ್ವ ಒಲೆಯ ಮುಂದಿನಿಂದ ಇಡೀ ಮೈ ತಿರುಗಿಸಿ ನನ್ನನ್ನು ನೋಡುತ್ತಿದ್ದಳು. ಹರೆಯದಲ್ಲಿ ಕಬ್ಬಿನ ಹೊರೆ ಹೊತ್ತು ಹೊತ್ತು ಅವಳ ಕುತ್ತಿಗೆ ಎಡಕ್ಕೆ ಹೊರಳುವುದಿಲ್ಲ. ಮುಕಾದಮನಾದ ದಿನ ಅಪ್ಪ ಅವಳಿಗೆ ಕೊಟ್ಟ ಮಾತು ಒಂದೇ, ಇನ್ನು ನಿನ್ನ ತಲೆಯ ಮೇಲೆ ಹೊರೆ ಇಡಿಸುವುದಿಲ್ಲ ಎಂದು.

"ಇಳಿಸಿ ಮುಗೀತಂದ್ರ ಲಟ್ಟಣಿಗಿ ಕೊಡವಾ," ಎನ್ನುತ್ತಿದ್ದಳು. "ಚಪಾತಿ ಮಾಡೂದೈತಿ."

ಉಚಲ್ ತೆಗೆದುಕೊಂಡು ಓಡಿಹೋದವರಿಗೆ ಅಪ್ಪನ ಬಳಿ ಒಂದು ಮದ್ದಿತ್ತು. ಕಂಬಳಿ ಎತ್ತಿಕೊಂಡು ಅವರ ಊರಿಗೆ ಹೋಗುವುದು, ಅವರ ಬಾಗಿಲ ಮುಂದೆ ಹಾಸಿ ಕೂರುವುದು, ಲೆಕ್ಕ ಮುಗಿಯುವವರೆಗೆ ಆ ಮನೆಯ ನೀರು ಮುಟ್ಟದಿರುವುದು. ಬಾಗಿಲಿಗೆ ಬಂದವನು ನೀರು ಒಲ್ಲೆ ಎಂದರೆ ಆ ನಾಚಿಕೆಯನ್ನು ಯಾವ ಮನೆಯೂ ತಾಳುವುದಿಲ್ಲ. ಅಪ್ಪನ ಕಂಬಳಿ ಅದುವರೆಗೆ ಎಲ್ಲೂ ಸೋತಿರಲಿಲ್ಲ.

ಅದನ್ನೇ ಹೆಗಲಿಗೆ ಹಾಕಿಕೊಂಡು, ನನ್ನನ್ನೂ ಕರೆದುಕೊಂಡು ಗೋಕಾಕಕ್ಕೆ ಹೊರಟ. ನನಗೆ ನಾಚಿಕೆಯೂ ಆಯಿತು, ಆಸೆಯೂ ಆಯಿತು. ಮ್ಯಾನೇಜರನ ಮನೆಯ ಮೆಟ್ಟಿಲ ಪಕ್ಕ ಹಾಸಿ ಕೂತೆವು. ಅವನ ಮುದಿ ತಾಯಿ ತಂಬಿಗೆಯಲ್ಲಿ ನೀರು ತಂದಳು.

"ನಿಮ್ಮ ಮಗಾ ಹಿಸೇಬ ಮುಗಿಸಲ್ರಿ ಆಯಿ, ಆಮ್ಯಾಲ ಕುಡೀತೇನಿ," ಎಂದ ಅಪ್ಪ.

ಮ್ಯಾನೇಜರ್ ಹೊರಗೆ ಬಂದ. ಅವನು ಸಿಟ್ಟಾಗಿದ್ದರೆ ಚೆನ್ನಾಗಿತ್ತು. "ಮಾಲಕರ ಫೋನ್ ಬಂದ್ ಐತ್ರಿ ಕಾಕಾ. ನನ್ನ ಪಗಾರನೂ ಮುಳುಗೈತಿ. ಇಲ್ಲಿ ಕುಂತು ಏನ್ ಮಾಡ್ತೀರಿ?" ಎಂದ.

"ರೊಕ್ಕ ತಗೊಂಡ ಕೈ ನಿಮ್ದರಿ ಸಾಹೇಬ್ರ. ಮ್ಯಾಲಿನಾಂವ ಓಡಿಹೋದ್ರ ನಡುವಿನಾಂವ ತುಂಬಿ ಕೊಡಬೇಕು. ನಮ್ಮಲ್ಲಿ ಹಂಗ ಐತಿ."

"ನಮ್ಮಲ್ಲಿ ಹಂಗಿಲ್ರಿ," ಎಂದು ಮ್ಯಾನೇಜರ್ ಗಾಡಿ ಚಾಲೂ ಮಾಡಿ ಹೊರಟುಹೋದ.

ಬಿಸಿಲು ಏರಿತು, ಇಳಿಯಿತು. ಓಣಿಯ ಜನ ನಮ್ಮನ್ನು ಯಾರದೋ ಬೀಗರೆಂದುಕೊಂಡು ದಾಟಿ ಹೋದರು. ನಾಚಿಕೊಂಡವಳು ಆ ಮುದುಕಿ ಒಬ್ಬಳೇ. ಅವಳು ಮೂರು ಸಲ ನೀರು ಬದಲಿಸಿ ತಂದಳು. ಕೊನೆಗೆ ಅಪ್ಪ ಎದ್ದು ಕಂಬಳಿ ಮಡಚತೊಡಗಿದ. ಅಂಚಿಗೆ ಅಂಚು ಕೂಡಲೇ ಇಲ್ಲ. ನಾನು ಹೋಗಿ ಇನ್ನೊಂದು ತುದಿ ಹಿಡಿದೆ.

ಮನೆಗೆ ಬಂದರೆ ನಮ್ಮ ಬಾಗಿಲಲ್ಲೇ ಒಂದು ಕಂಬಳಿ ಹಾಸಿತ್ತು. ಅದರ ಮೇಲೆ ಯಲ್ಲಾರಿ ಕೂತಿದ್ದ. ಹುಕ್ಕೇರಿ ಕಡೆಯವನು, ಅಪ್ಪನ ಗ್ಯಾಂಗಿನ ಹಿರಿಯ. ನಾನು ಸಣ್ಣವಳಿದ್ದಾಗಿನಿಂದ ಪ್ರತಿ ವರ್ಷ ಉಚಲ್ ಒಯ್ಯಲು ಬರುತ್ತಿದ್ದವನು. ಅವನ ಪಕ್ಕದಲ್ಲಿ ಅವ್ವ ಇಟ್ಟ ತಂಬಿಗೆ ತುಂಬಿದ್ದು ತುಂಬಿದ ಹಾಗೇ ಇತ್ತು. ಅಪ್ಪ ಮೊದಲು ನೋಡಿದ್ದು ಆ ತಂಬಿಗೆಯನ್ನು.

"ನೀರ್ ಕುಡಿಯೋ ಯಲ್ಲಾರಿ."

"ಹಿಸೇಬ ಮುಗೀಲ್ರಿ ಮುಕಾದಮ್ರ." ಅವನು ತಲೆ ಎತ್ತಲಿಲ್ಲ. "ನಿಮ್ಮ ಮಾತ ನಂಬಿ ಮೂಡಲಗಿ ಮುಕಾದಮನ ಉಚಲ್ ಒಲ್ಲೆ ಅಂದೆ. ಕಾದು ಕಾದು ನಮ್ಮೊಳಗಿಂದ ಗಂಡ ಹೆಂಡ್ತಿ ಒಂದು ಜೋಡಿ ಇಟ್ಟಂಗಿ ಭಟ್ಟಿಗೆ ಹೋತು. ಈಗ ಆ ಮುಕಾದಮ ಗ್ಯಾಂಗ್ ಪೂರಾ ಇಲ್ಲಂದ್ರ ರೊಕ್ಕ ಬಿಚ್ಚೂದಿಲ್ಲ ಅಂತಾನ. ನನ್ನ ಮಂದಿಗೆ ಏನ್ ಹೇಳಲ್ರಿ?"

ಅಪ್ಪನ ಮುಖ ನೋಡಲಾಗಲಿಲ್ಲ ನನಗೆ. ಬಾಗಿಲಲ್ಲೇ ಕೂತುಬಿಟ್ಟ, ಯಲ್ಲಾರಿಯ ಕಂಬಳಿಯ ಅಂಚಿನ ಮೇಲೆ.

"ಒಂದ ಜೋಡಿ ಕಡಿಮಿ ಅಲ್ಲೇನು?"

"ಹೌದ್ರಿ."

"ಕಡಿಯೋ ಕೈ ನಂದು ಹಿಡಿ."

ಊರಿಗೆ ಮುಕಾದಮನಾಗಿದ್ದವನು ಊರಿನವರ ಕಣ್ಣೆದುರೇ ಇನ್ನೊಬ್ಬ ಮುಕಾದಮನ ಕೈಕೆಳಗೆ ಕಬ್ಬು ಕಡಿಯುತ್ತಾನೆ. ಆದರೆ ಒಂದು ಕೈಗೆ ಯಾರೂ ಉಚಲ್ ಕೊಡುವುದಿಲ್ಲ. ಒಬ್ಬರು ಕಡಿಯಬೇಕು, ಇನ್ನೊಬ್ಬರು ಕಟ್ಟಿ ಹೊರಬೇಕು.

"ನಾ ಹೊರತೇನಿ," ಎಂದೆ.

ಅವ್ವ ಒಳಗಿನಿಂದ ಬಂದಳು. "ನೀ ಹೊತ್ರ ವಿಮಾನ ಯಾರು ಹಾರಿಸ್ತಾರ? ಇಷ್ಟೆಲ್ಲಾ ಮುಳುಗಿದ್ದು ಏತಕ್ಕ ಮತ್ತ? ನನ್ನ ಕುತಗಿ ಹೋಗೈತಿ, ಕಾಲು ಗಟ್ಟಿ ಅದಾವು."

"ಬಾಳವ್ವಾ, ನಾ ನಿನಗ ಮಾತು ಕೊಟ್ಟೇನಿ," ಎಂದ ಅಪ್ಪ.

"ಯಲ್ಲಾರಿಗೂ ಕೊಟ್ಟಿದ್ದಿ," ಎಂದಳು ಅವ್ವ.

ಯಲ್ಲಾರಿ ತಂಬಿಗೆ ಎತ್ತಿ ಗಟಗಟ ಕುಡಿದ. ಅವನು ಕುಡಿಯುವುದನ್ನು ನೋಡುತ್ತಾ ನನಗೆ ತಡೆಯಲಾಗದಷ್ಟು ಅಳು ಬಂತು.

ತಮ್ಮಿಬ್ಬರ ಪಾಲಿಗೆ ಮೂಡಲಗಿ ಮುಕಾದಮನಿಂದ ಬಂದ ಉಚಲನ್ನು ಅಪ್ಪ ಬಿಚ್ಚಿ ನೋಡದೆ ನನ್ನ ಕೈಗಿಟ್ಟ. ನನ್ನ ಮೇಷ್ಟ್ರು ಹೊಸ ಶಾಲೆಯಲ್ಲಿ ತಾಸಿನ ಲೆಕ್ಕಕ್ಕೆ ಕಲಿಸಲು ಒಪ್ಪಿದ್ದರು. ಕೈ ಮರೆತದ್ದನ್ನು ಮತ್ತೆ ಕಲಿತು, ಎಲ್ಲ ಸರಿಹೋದರೆ, ಒಬ್ಬಳೇ ಒಮ್ಮೆ ಮೇಲೇರಿ ಇಳಿಯುವವರೆಗೆ ಆ ಹಣ ಬಂದೀತು. ಲೈಸೆನ್ಸ್ ಅದರಾಚೆ ಎಲ್ಲೋ ಇತ್ತು. ಬೇಡ ಎನ್ನಬೇಕೆಂದು ಬಾಯಿ ತೆರೆದೆ. ಆಗಲಿಲ್ಲ. ಅಷ್ಟು ಬೇಕಾಗಿತ್ತು ನನಗೆ ಅದು.

"ಈ ಸಲ ಹಾರಿದಷ್ಟಕ್ಕ ಕೊಡು," ಎಂದ ಅಪ್ಪ. ಆಮೇಲೆ ಪ್ರತಿ ವರ್ಷ ಗ್ಯಾಂಗಿಗೆ ಹೇಳುವ ಮಾತನ್ನೇ ನನಗೂ ಹೇಳಿದ. "ಉಚಲ್ ತಗೊಂಡವ್ರು ನಡುವ ಬಿಟ್ಟು ಬರಬಾರದು."

ನಾನು ಹೊರಟದ್ದು ಕಡಿತ ಶುರುವಾದ ದಿನ. ರಸ್ತೆಯ ಬದಿಯ ಹೊಲದಲ್ಲಿ ಅಪ್ಪ ಬಗ್ಗಿ ಕಡಿಯುತ್ತಿದ್ದ. ನನ್ನ ಕಾಲೇಜಿನ ಹಳೇ ದುಪಟ್ಟಾವನ್ನು ಸಿಂಬಿ ಸುತ್ತಿ ತಲೆಗಿಟ್ಟು, ಅದರ ಮೇಲೆ ಕಬ್ಬಿನ ಹೊರೆ ಹೊತ್ತು ಅವ್ವ ಟ್ರ್ಯಾಕ್ಟರಿನ ಕಡೆ ನಡೆಯುತ್ತಿದ್ದಳು. ನಾನು ಬಸ್ಸಿನ ಕಿಟಕಿಯಿಂದ ಜೋರಾಗಿ ಅವ್ವಾ ಎಂದು ಕೂಗಿದೆ. ಅವಳು ನಿಂತಳು. ಬಸ್ಸು ಅವಳ ಎಡಕ್ಕಿತ್ತು. ಹೊರೆ ಸಮೇತ ಇಡೀ ಮೈಯನ್ನು ನಿಧಾನವಾಗಿ ತಿರುಗಿಸತೊಡಗಿದಳು. ಅವಳು ಪೂರ್ತಿ ತಿರುಗುವ ಹೊತ್ತಿಗೆ ಬಸ್ಸು ದಾಟಿ ಹೋಗಿತ್ತು.