ಸಾಲೇ ನಿಲ್ಲದ ಬಾಗಿಲು

ಏಬ್ ಫ್ರೀಸನ್‌ನ ಬಾಯಿ ಸೊಟ್ಟಗಾಗಿದೆ, ಪಾರ್ಶ್ವವಾಯು ಇರಬೇಕು ಎಂದು ತವರೂರಿನ ಆಸ್ಪತ್ರೆಯಿಂದ ಮಗಳು ಮಾರ್ಲಿಸ್‌ಗೆ ಫೋನ್ ಬಂತು. ಅವಳಿದ್ದದ್ದು ವಿನಿಪೆಗ್‌ನ ಕಚೇರಿಯಲ್ಲಿ, ಉತ್ತರದ ಸಣ್ಣ ಆಸ್ಪತ್ರೆಗಳ ನೆಟ್‌ವರ್ಕ್ ನೋಡಿಕೊಳ್ಳುವ ಕೆಲಸದಲ್ಲಿ. ಹಿಮಗಾಳಿಗೆ ಅಲ್ಲಿಂದ ವಿಮಾನವೂ ಇಲ್ಲ. ನಗರದ ಡಾಕ್ಟರು ವಿಡಿಯೊದಲ್ಲಿ ರೋಗಿಯನ್ನು ಕಣ್ಣಾರೆ ನೋಡದೆ ಮಿದುಳಿನ ಹೆಪ್ಪು ಕರಗಿಸುವ ಇಂಜೆಕ್ಷನ್ನಿಗೆ ಒಪ್ಪುವುದಿಲ್ಲ; ತಡವಾದಷ್ಟೂ ಕೈಕಾಲು ಬಿದ್ದುಹೋಗುವ ಭಯ.

"ಡಾಕ್ಟ್ರಿಗೆ ನಿಮ್ಮಪ್ಪನ ಮುಖ ಚೂರುಚೂರಾಗಿ ಕಾಣ್ತಿದೆಯಂತೆ ಕಣೇ," ಎಂದಳು ನರ್ಸ್ ಇವಾನ್, ಮಾರ್ಲಿಸ್‌ಳ ಬಾಲ್ಯದ ಗೆಳತಿ. "ವಿಡಿಯೊಗೆ ಜಾಗ ಕಾದಿರಿಸಿದೀನಿ ಅಂತ ಹೋದ ವಾರ ಮೆರೆದ್ಯಲ್ಲ, ಎಲ್ಲಿದೆಯಮ್ಮ ಆ ಜಾಗ?"

ಮಾರ್ಲಿಸ್ ಕೂತಲ್ಲಿಂದಲೇ ಆ ಆಸ್ಪತ್ರೆಯ ರೂಟರನ್ನು ತನ್ನ ಪರದೆಯಲ್ಲಿ ತೆರೆದಳು. ವಿಡಿಯೊದ ಸಾಲು ಮುಂದೆ, ಉಳಿದವು ಹಿಂದೆ, ಎಲ್ಲ ಅಚ್ಚುಕಟ್ಟು. ಆದರೆ ಸಾಲಿನಲ್ಲಿ ಯಾರೂ ನಿಂತೇ ಇಲ್ಲ! ರೂಟರಿನ ಬಾಗಿಲು ನೂರು ಮೆಗಾಬಿಟ್ ಅಗಲ, ಇಂಟರ್ನೆಟ್ ಕಂಪನಿಯಿಂದ ಬಾಡಿಗೆಗೆ ಪಡೆದ ಹಾದಿ ಹತ್ತರದ್ದು. ಹಾದಿ ಎಷ್ಟು ಕಿರಿದು ಎಂದು ರೂಟರಿಗೆ ಹೇಳುವುದನ್ನೇ ಈ ಜಾಣೆ ಮರೆತಿದ್ದಳು. ಬಾಗಿಲಲ್ಲಿ ನೂಕುನುಗ್ಗಲೇ ಇಲ್ಲದ ಮೇಲೆ ಕಾದಿರಿಸಿದ ಜಾಗ ಯಾರಿಗೆ? ಎಲ್ಲವೂ ಹೊರಗೆ ನುಗ್ಗಿ, ಕಂಪನಿಯ ಹಾದಿಯಲ್ಲಿ ಅಪ್ಪನ ಮುಖವೂ ನಗರಕ್ಕೆ ರವಾನೆಯಾಗುತ್ತಿದ್ದ ಹಳೆಯ ಎಕ್ಸ್‌ರೇಗಳೂ ಒಂದೇ ಸಮ ತುಳಿತಕ್ಕೆ ಸಿಕ್ಕಿದ್ದವು.

"ಇವಾನ್, ಎಕ್ಸ್‌ರೇ ಕಳಿಸ್ತಿರೋ ಕಂಪ್ಯೂಟರ್ ಇದೆಯಲ್ಲ, ಅದರ ವೈರ್ ಕಿತ್ತು ಬಿಸಾಕು!"

"ಆ ರೂಮಿಗೆ ಬೀಗ. ಕೀಲಿ ಆಸ್ಪತ್ರೆ ರಿಪೇರಿ ನೋಡ್ಕೊಳ್ಳೋ ನಾರ್ಮ್ ಹತ್ರ ಇದೆ. ಅವನು ರನ್‌ವೇಲಿ ಹಿಮ ತಳ್ತಿದಾನೆ, ಫೋನ್ ಎತ್ತುತಿಲ್ಲ."

ಮಾರ್ಲಿಸ್ ಹಾದಿ ಹತ್ತರದ್ದಷ್ಟೇ ಎಂದು ರೂಟರಿಗೆ ತಿಳಿಸುವ ಒಂದೇ ಸಾಲಿನ ಆದೇಶ ಟೈಪ್ ಮಾಡತೊಡಗಿದಳು. ಒಂದಕ್ಷರ ಮೂಡಿತು. ಎಷ್ಟೋ ಹೊತ್ತಿಗೆ ಇನ್ನೊಂದು. ಮಧ್ಯೆ ಸಂಪರ್ಕವೇ ಕಡಿದುಹೋಗಿ, ಮತ್ತೆ ಮೊದಲಿನಿಂದ ಶುರುಮಾಡಬೇಕಾಯಿತು. ಎಲ್ಲರಿಗೂ ಜಾಗ ಹಂಚಿದವಳು ಅದೇ ಹಾದಿಯಲ್ಲಿ ಹೋಗುವ ತನ್ನ ಆದೇಶಗಳಿಗೆಂದು ಚೂರೂ ಇಟ್ಟುಕೊಂಡಿರಲಿಲ್ಲ. ಮೇಜಿನ ಮೇಲೆ ಬಿದ್ದಿದ್ದ ಫೋನಿನಲ್ಲಿ ಅಪ್ಪ ಏನೋ ತೊದಲುತ್ತಿದ್ದ. ಅವಳ ಹೆಸರೇ ಇರಬೇಕು. ಅವಳು ಮುಂದಿನ ಅಕ್ಷರ ಒತ್ತಿದಳು.

ಕೊನೆಗೂ ಆದೇಶ ನಾಟಿತು. ಬಾಗಿಲಲ್ಲಿ ಸಾಲು ನಿಂತಿತು, ವಿಡಿಯೊ ಸಾಲು ತಪ್ಪಿಸಿ ಮುಂದೆ ನಡೆಯಿತು.

"ಬಂತು ಕಣೇ, ಬಂತು! ಕನ್ನಡಿ ಥರ ಕಾಣ್ತಿದೆಯಂತೆ!" ಎಂದಳು ಇವಾನ್.

ಡಾಕ್ಟರ ದನಿ ಸ್ಪಷ್ಟವಾಗಿ ಕೇಳಿಸಿತು: "ಫ್ರೀಸನ್ ಅವರೇ, ಬಲಗೈ ಎತ್ತಿ ನೋಡೋಣ."

ಮಾರ್ಲಿಸ್ ಫೋನನ್ನು ಕಿವಿಗೆ ಒತ್ತಿ ಹಿಡಿದಳು.

"ಬಲಗೈ, ಫ್ರೀಸನ್ ಅವರೇ. ಸ್ವಲ್ಪ ಎತ್ತಿದ್ರೂ ಸಾಕು."

ಇವಾನ್ ಮೆಲ್ಲಗೆ ಹೇಳಿದಳು, "ಈಗ ಕೈ ಏಳ್ತಿಲ್ಲ ಕಣೇ. ಆಗ್ಲೇ ಎತ್ತಿದ್ರು. ಮುಖ ಚೂರುಚೂರಾಗಿ ಕಾಣ್ತಿತ್ತಲ್ಲ, ಆವಾಗ."