ಗಂಟಲಿಗೆ ಬಿದ್ದ ಬಣ್ಣ

ನಾನು ಒಂದು ಸ್ಪ್ರಿಂಕ್ಲರ್. ಕಾರ್ಖಾನೆಯ ಚಾವಣಿಯ ಪೈಪಿಗೆ ತಲೆಕೆಳಗಾಗಿ ತೂಗುವ, ಮುಷ್ಟಿಯಲ್ಲಿ ಅಡಗುವಷ್ಟು ಹಿತ್ತಾಳೆಯ ವಸ್ತು. ನನ್ನನ್ನು ನಲ್ಲಿ ಎಂದವರಿದ್ದಾರೆ. ನಲ್ಲಿಯನ್ನು ಯಾರು ಬೇಕಾದರೂ ತಿರುಗಿಸಬಹುದು. ನಾನು ಬೆಂಕಿಯ ಕಾವಿಗಲ್ಲದೆ ಯಾರಿಗೂ ಬಾಯಿ ಬಿಡುವುದಿಲ್ಲ.

ಹುಟ್ಟಿಸಿದವರು ನನ್ನ ಬಾಯಿಗೆ ಒಂದು ಬಿಲ್ಲೆ ಮುಚ್ಚಿ, ಅದು ಬೀಳದಂತೆ ಕೆಂಪು ದ್ರವ ತುಂಬಿದ ಗಾಜಿನ ಕಡ್ಡಿಯೊಂದನ್ನು ಆನಿಸಿ ಇಟ್ಟರು. ಕಾವು ಅರವತ್ತೆಂಟು ಡಿಗ್ರಿ ಮುಟ್ಟಿದರೆ ಗಾಜು ಒಡೆಯಬೇಕು, ಬಿಲ್ಲೆ ಹಾರಬೇಕು, ನೀರು ಸುರಿಯಬೇಕು. ಜೀವಮಾನಕ್ಕೆ ಒಂದೇ ಸಲ.

ಹುಬ್ಬಳ್ಳಿಯ ಹೊರಗಿನ ಒಂದು ಗಾದಿ ಕಾರ್ಖಾನೆಗೆ ನಮ್ಮನ್ನು ಆರಿಸಿದ್ದು ಇಂಜಿನಿಯರ್ ಅನಸೂಯಾ ಹಂಚಿನಮನಿ. ಮಾಲೀಕ ಕೊಟಗಿ ಸಾವಕಾರರು ಮೊದಲೇ ಮೂಗು ಮುರಿದರು.

"ಎಲ್ಲಾ ಕೂಡೇ ಸುರದ್ರ ನನ್ನ ಗಾದಿ ಗತಿ ಏನ್ರೀ?"

"ಅದು ಸಿನಿಮಾದಾಗ್ರೀ. ಖರೇ ಅಂದ್ರ, ಯಾವುದಕ್ಕ ಕಾವು ಹತ್ತತೈತಿ ಅದಷ್ಟ ಒಡಿತೈತಿ. ಫೋಮ್ ಎಷ್ಟ್ ಎತ್ತರ ಒಟ್ಟತೀರಿ?"

ಸಾವಕಾರರು ತಲೆಯ ಮೇಲೆ ಕೈ ಎತ್ತಿ ತೋರಿಸಿದರು. ಆಫೀಸಿಗೆ ಹಾಕಿದ ಸಣ್ಣ ಗಂಟಲಿನವು ಇಲ್ಲಿಗೆ ಸಾಲವು, ಫೋಮಿನ ಬೆಂಕಿಗೆ ಹೆಚ್ಚು ನೀರು ಸುರಿಸುವ ದೊಡ್ಡ ಗಂಟಲೇ ಬೇಕು ಎಂದರು ಅನಸೂಯಾ. ಬಿಸಿ ಯಂತ್ರದ ಮೇಲ್ಭಾಗಕ್ಕೆ ಇನ್ನೂ ಹೆಚ್ಚು ಕಾವು ತಾಳುವ ಹಸಿರು ಗಾಜಿನವನ್ನು ಬರೆದುಕೊಂಡರು. ಹೊಲಿಗೆಯ ಹಾಲಿಗೆ ಬಂದದ್ದು ನಾವು, ದೊಡ್ಡ ಗಂಟಲಿನ ಕೆಂಪು ಗಾಜಿನವು. ಆ ಗಂಟಲಿನ ಬಗ್ಗೆ ನನಗೆ ಸೊಕ್ಕಿತ್ತು, ಸುಳ್ಳೇಕೆ ಹೇಳಲಿ.

ನನ್ನ ನೇರ ಕೆಳಗೆ ಗಂಗವ್ವನ ಹೊಲಿಗೆ ಯಂತ್ರ. ಅವಳೂ ಸೇರಿ ಅಲ್ಲಿ ನಲವತ್ತು ಹೆಂಗಸರು, ಬೆನ್ನ ಹಿಂದೆ ಫೋಮಿನ ರಾಶಿ. ಮೇಲಿನಿಂದ ನನಗೆ ಕಾಣುತ್ತಿದ್ದದ್ದು ಅವರ ಬೈತಲೆ ಮತ್ತು ಅಬ್ಬಲಿಗೆ ಹೂವು. ಅವರನ್ನು ನೋಡಿಕೊಳ್ಳುತ್ತಿದ್ದವರು ಮೇಸ್ತ್ರಿ ಇಮಾಮಸಾಬ ನದಾಫ. ಅವರ ತಂದೆ ಊರೂರು ತಿರುಗಿ ಹತ್ತಿ ಹಿಂಜುತ್ತಿದ್ದವರು. ಹತ್ತಿಗೆ ಬಿದ್ದ ಕಿಡಿ ಏನು ಮಾಡುತ್ತದೆಂದು ನದಾಫರಿಗೆ ಯಾರೂ ಪಾಠ ಹೇಳಬೇಕಿರಲಿಲ್ಲ.

ಎರಡನೇ ವರ್ಷದ ಖಂಡೇಪೂಜೆಗೆ, ಅಂದರೆ ಆಯುಧಪೂಜೆಗೆ, ನನ್ನ ಗ್ರಹಚಾರ ಕೆಟ್ಟಿತು. ನದಾಫರು ಗದಗಿನಲ್ಲಿ ತಂಗಿಯ ಮನೆಗೆ ಹೋಗಿದ್ದರು. ಪೂಜೆಗೆ ಎಲ್ಲವೂ ಫಳಫಳ ಹೊಳೆಯಬೇಕೆಂದು ಸಾವಕಾರರು ಅಪ್ಪಣೆ ಕೊಟ್ಟರು. ಪೇಂಟರ್ ಬಸಣ್ಣ ಯಂತ್ರಗಳಿಗೆ ಬಳಿದ, ಪೈಪಿಗೆ ಬಳಿದ, ಪೈಪಿನ ಜೊತೆಗೆ ನನಗೂ ಎರಡು ಕೋಟು ಬೆಳ್ಳಿ ಬಣ್ಣ ಬಳಿದ. ಆ ಕಟ್ಟಡದಲ್ಲಿ ಆಯುಧ ಅಂತ ಇದ್ದದ್ದು ನಾವೇ. ಕಾವು ತಿಳಿಯದಂತೆ ನಮ್ಮನ್ನೇ ಕುರುಡು ಮಾಡಿ, ಕೆಳಗೆ ಯಂತ್ರಗಳಿಗೆ ಕುಂಬಳಕಾಯಿ ಒಡೆದರು. ನನಗೆ ಮೈಯೆಲ್ಲ ಉರಿಯಿತು.

ಊರಿಂದ ಬಂದ ನದಾಫರು ತಲೆ ಎತ್ತಿ ನೋಡಿ ಸಾವಕಾರರನ್ನು ಹಾಲಿಗೇ ಕರೆತಂದರು.

"ಸಾವಕಾರ್ರ, ಬಣ್ಣ ಬಿದ್ದಾವನ್ನೆಲ್ಲಾ ತಗದು ಹೊಸಾವು ಹಾಕಬೇಕ್ರಿ."

"ದೀಪಾವಳಿ ಆರ್ಡರ್ ತಲಿ ಮ್ಯಾಲ ಕುಂತಾವ. ಎರಡು ದಿನ ಕೆಲಸ ನಿಲ್ಲಸ್ಲ್ಯಾ? ಥಿನ್ನರ್ ಹಚ್ಚಿ ಒರಸ್ರಿ, ಸಾಕು."

ಗಂಗವ್ವ ಯಂತ್ರ ನಿಲ್ಲಿಸಿ ಎದ್ದು ನಿಂತಳು. "ಇದರ ಕೆಳಗ ಕುಂದ್ರಾವ್ರು ನಾವ್ರೀ, ನೀವಲ್ಲ. ಇದು ಬಾಯಿ ತಗಿತೈತೋ ಇಲ್ಲೋ ತೋರಸ್ರಿ, ಆಮ್ಯಾಲ ಹೊಲೀತೀವಿ." ನಲವತ್ತು ಯಂತ್ರಗಳೂ ಒಂದೊಂದಾಗಿ ನಿಂತವು.

ನದಾಫರು ವಾಲ್ವ್ ಮುಚ್ಚಿಸಿ ನನ್ನನ್ನು ಬಿಚ್ಚಿದರು. ಅಂಗಳದ ಪೈಪಿಗೆ ನನ್ನನ್ನೂ, ಡಬ್ಬಿಯಲ್ಲಿ ಉಳಿದಿದ್ದ ಬಣ್ಣ ತಾಗದ ನನ್ನ ಜೊತೆಯದನ್ನೂ ಅಕ್ಕಪಕ್ಕ ಕೂಡಿಸಿ ನೀರು ಬಿಟ್ಟರು. ಕ್ಯಾಂಟೀನಿನಿಂದ ಕುದಿಯುವ ನೀರಿನ ಕಿಟ್ಲಿ ಬಂತು. ನಾನು ಹಟ ಹಿಡಿದಿದ್ದೆ. ಬಣ್ಣ ಬಿದ್ದರೇನು, ನಾನೇನು ಸತ್ತಿಲ್ಲ, ಒಡೆದು ತೋರಿಸಿ ನನ್ನ ಜಾಗಕ್ಕೆ ಮರಳುತ್ತೇನೆ ಎಂದುಕೊಂಡಿದ್ದೆ. ನಾನು ಗೆದ್ದರೆ ಸಾವಕಾರರ ಮಾತು ಗೆಲ್ಲುತ್ತದೆ, ಆ ಹೆಂಗಸರು ಸೋಲುತ್ತಾರೆ ಎಂಬುದು ಆಗ ನನ್ನ ತಲೆಗೆ ಹೊಳೆಯಲೇ ಇಲ್ಲ.

ಜೊತೆಯದರ ಮೇಲೆ ಮೊದಲು ಸುರಿದರು. ಟಪ್ ಎಂದಿತು. ನೀರು ರಭಸದಿಂದ ಹರಡಿ ಸಾವಕಾರರ ಇಸ್ತ್ರಿ ಅಂಗಿ ತೊಯ್ದು ತೊಪ್ಪೆಯಾಯಿತು. ಅದರ ನೀರು ನಿಲ್ಲಿಸಿ ನನ್ನ ಮೇಲೆ ಸುರಿದರು. ಬಣ್ಣ ಕಾವನ್ನು ತಡೆಯಿತು, ಇನ್ನೊಂದು ಕಿಟ್ಲಿ ಬೇಕಾಯಿತು. ಕೊನೆಗೆ ನನ್ನ ಗಾಜು ಒಡೆಯಿತು. ಆದರೆ ಬಿಲ್ಲೆ ಹಾರಲಿಲ್ಲ. ಒಣಗಿದ ಬಣ್ಣ ಅದನ್ನು ಅಂಚಿಗೆ ಅಂಟಿಸಿಬಿಟ್ಟಿತ್ತು. ನನ್ನ ದೊಡ್ಡ ಗಂಟಲಿನ ತುಂಬ ನೀರಿತ್ತು, ತುಟಿಯ ಅಂಚಿನಿಂದ ಜಿನುಗಿದ್ದು ನಾಲ್ಕು ಹನಿ. ಇಡೀ ಅಂಗಳ ನನ್ನನ್ನೇ ನೋಡುತ್ತಿತ್ತು. ನಾಚಿಕೆಯಿಂದ ಸತ್ತುಹೋಗಬಾರದೆ ಅನ್ನಿಸಿತು.

ಸಾವಕಾರರು ಮುಖ ಒರೆಸಿಕೊಂಡರು. "ಎಲ್ಲಾ ಬದಲಿ ಮಾಡ್ರಿ," ಅಂದರು.

ಹೊಸವು ಬರುವ ತನಕ ಹಾಲಿಗೆ ಬೀಗ ಬಿತ್ತು. ನಾನು ನದಾಫರ ಮೇಜಿನ ಖಾನೆ ಸೇರಿದೆ, ನನ್ನ ಜಾಗಕ್ಕೆ ಹೊಸತೊಂದು ಬಂತು.

ಮಾರ್ಚ್ ತಿಂಗಳ ಒಂದು ಮಧ್ಯಾಹ್ನ ಗಂಗವ್ವನ ಯಂತ್ರದ ಮೋಟರು ಕಿಡಿ ಕಾರಿತು. ನೂಲಿನ ಧೂಳು ಹತ್ತಿಕೊಂಡು ಜ್ವಾಲೆ ಫೋಮಿನ ಕಡೆ ಓಡಿತು. ಖಾನೆಯೊಳಗೇ ನನಗೆ ಆ ಸದ್ದು ಕೇಳಿಸಿತು, ಟಪ್. ನನ್ನ ಜಾಗದಲ್ಲಿದ್ದದ್ದು ಒಡೆದಿತ್ತು, ಅದೊಂದೇ. ಉಳಿದವು ಮಿಸುಕಲಿಲ್ಲ. ಬೆಂಕಿ ಅಲ್ಲೇ ನಂದಿತು, ಆರು ಗಾದಿ ನೆನೆದವು. ನಲವತ್ತು ಹೆಂಗಸರೂ ಹೊರಗೆ ಬಂದರು, ಎಲ್ಲರಿಗಿಂತ ಕೊನೆಗೆ ಗಂಗವ್ವ, ಸೆರಗಿನ ನೀರು ಹಿಂಡುತ್ತ.

ಈಗ ಖಂಡೇಪೂಜೆ ಬಂದಾಗ ನನ್ನನ್ನು ಖಾನೆಯಿಂದ ತೆಗೆಯುತ್ತಾರೆ. ಒಮ್ಮೆ ಸಾವಕಾರರು ಕುಂಕುಮ ಹಚ್ಚಲು ಬಂದರು. "ಅದಕ್ಕ ಏನೂ ಹಚ್ಚಬ್ಯಾಡ್ರಿ ಇನ್ನ," ಎಂದು ಗಂಗವ್ವ ಅವರ ಕೈ ತಡೆದಳು. ನನ್ನನ್ನು ಪೇಂಟರ್ ಬಸಣ್ಣನ ಅಂಗೈಯಲ್ಲಿ ಇಟ್ಟಳು. ಅವನು ಅಂಟಿಕೊಂಡ ಬಿಲ್ಲೆಯನ್ನು ಹೆಬ್ಬೆರಳಿನಿಂದ ತಳ್ಳಿ ನೋಡಿದ. ಅದು ಅಲುಗಲಿಲ್ಲ. ಪೈಪಿಗೆ ಬಣ್ಣ ಬಳಿಯಲು ಏಣಿ ಹತ್ತುವ ಮೊದಲು ಒಂದು ಕಟ್ಟು ಕಾಗದದ ಚೀಲ ಕೇಳಿ, ಚಾವಣಿಯ ಒಂದೊಂದಕ್ಕೂ ತಾನೇ ಮುಸುಕು ಕಟ್ಟಿದ. ಬಣ್ಣ ಒಣಗಿದ ಮೇಲೆ ತಾನೇ ಬಿಚ್ಚಿದ, ಗಂಗವ್ವ ಕೆಳಗೆ ನಿಂತು ಚೀಲಗಳನ್ನು ಎಣಿಸಿಕೊಂಡಳು.

ನನಗೆ ಅಯ್ಯೋ ಪಾಪ ಅನ್ನಬೇಡಿ. ನನ್ನ ಬಾಯಿ ಮುಚ್ಚಿದವನೇ ಈಗ ವರ್ಷಕ್ಕೊಮ್ಮೆ ನನ್ನನ್ನು ಕೈಯಲ್ಲಿ ಹಿಡಿದು, ನಾನು ಹೇಳಿದಂತೆ ಕೇಳುತ್ತಾನೆ.