ಸ್ಟೂಲಿನ ಮೇಲಿನ ಹನ್ನೆರಡು ಗಂಟೆ

ಸೂಲಗಿತ್ತಿಯರ ತರಬೇತಿ ಶಾಲೆಯ ಪಠ್ಯಕ್ರಮವನ್ನು ಹೊಸದಾಗಿ ಬರೆಯುತ್ತಿದ್ದ ಕಮಿಟಿಯ ಕೊನೆಯ ಸಭೆಗೆ ಗಡಿಯಾರದಮ್ಮ ಒಂದು ಮರದ ಸ್ಟೂಲನ್ನು ಕಂಕುಳಲ್ಲಿ ಅವುಚಿಕೊಂಡು ಬಂದಳು. ಲೈಬ್ರರಿಯಲ್ಲಿ ಮೇಲಿನ ಕಪಾಟು ಎಟುಕದವರು ಹತ್ತಿ ನಿಲ್ಲುತ್ತಿದ್ದ ಸ್ಟೂಲು ಅದು. ಮೂರು ಕಾಲು, ಮೋಟಾದ ಒಂದಕ್ಕೆ ಔಷಧಿ ಬಾಟಲಿಯ ರಬ್ಬರು ಮುಚ್ಚಳವನ್ನು ಟೊಪ್ಪಿಯಂತೆ ತೊಡಿಸಿದ್ದರು.

"ಕುರ್ಚಿ ಇದೆಯಲ್ಲ ಅಕ್ಕ," ಎಂದಳು ಚಿಕ್ಕ ಮೇಡಂ. ಶಾಲೆಯ ಪ್ರಿನ್ಸಿಪಾಲ್ ಆಕೆ. ಒಂದು ಕಾಲದಲ್ಲಿ ಗಡಿಯಾರದಮ್ಮನ ಕೈಯಲ್ಲೇ ಕಲಿತವಳು.

"ಇರ್ಲಿ. ಇದೂ ಕಮಿಟಿ ಮೆಂಬರೇ ಅಂದ್ಕೋ."

ಗುಮಾಸ್ತ ನಗಬೇಕೋ ಬೇಡವೋ ಎಂದು ಮೇಡಂ ಮುಖ ನೋಡಿ, ಕಂಪ್ಯೂಟರಿಗೆ ತಲೆ ತಗ್ಗಿಸಿದ. ಉಳಿದಿಬ್ಬರು ಸದಸ್ಯರು ಆಗಲೇ ಬಾಗಿಲ ಕಡೆ ಕಣ್ಣು ನೆಟ್ಟಿದ್ದರು. ಕಮಿಟಿಗಳ ಹಣೆಬರಹವೇ ಇಷ್ಟು: ಚಹಾ ಬರುವವರೆಗೆ ಎಲ್ಲಕ್ಕೂ ತಕರಾರು, ಬಂದ ಮೇಲೆ ಎಲ್ಲಕ್ಕೂ ಒಪ್ಪಿಗೆ.

ಗಡಿಯಾರದಮ್ಮ ಎಂಬ ಹೆಸರನ್ನು ಹುಡುಗಿಯರೇ ಇಟ್ಟದ್ದು. ಎದೆಗೆ ತಲೆಕೆಳಗಾಗಿ ಚುಚ್ಚಿಕೊಂಡ ಕೈಯಗಲದ ವಾಚು, ಬಾಯಿ ತೆರೆದರೆ "ಎಷ್ಟು ಹೊತ್ತಿಗೆ?" ಎಂಬ ಪ್ರಶ್ನೆ. ನೋವು ಎಷ್ಟು ಹೊತ್ತಿಗೆ ಬಂತು, ಎಷ್ಟು ಹೊತ್ತು ನಿಂತಿತು, ಮಗುವಿನ ಎದೆಬಡಿತ ನಿಮಿಷಕ್ಕೆ ಎಷ್ಟು. ಇದನ್ನೆಲ್ಲ ಗುರುತು ಹಾಕುವ ಚಾರ್ಟಿನಲ್ಲಿ ಒಂದು ಚುಕ್ಕಿ ಆಚೀಚೆಯಾದರೂ ಆಕೆ ಮಂಗಳಾರತಿ ಎತ್ತದೆ ಬಿಟ್ಟವಳಲ್ಲ. ಅದರಿಂದ ಜೀವಗಳು ಉಳಿದದ್ದೂ ಸುಳ್ಳಲ್ಲ. ಈಗ ತಿಂಗಳ ಕೊನೆಗೆ ನಿವೃತ್ತಿ. ನಾಳೆ ಈ ಫೈಲು ಮೇಲಿನ ಕಚೇರಿಗೆ ಹೋಗುತ್ತದೆ. ಇವತ್ತು ಸೇರದ ಪಾಠ ಆಕೆಯ ಆಯಸ್ಸಿನಲ್ಲಿ ಮತ್ತೆ ಸೇರುವುದಿಲ್ಲ.

ಎರಡು ತಿಂಗಳ ಹಿಂದೆ ಸೊಸೆ ಇಲ್ಲೇ ಪಕ್ಕದ ಆಸ್ಪತ್ರೆಯಲ್ಲಿ ಹೆತ್ತಳು, ಗಡಿಯಾರದಮ್ಮ ಕಲಿಸಿದ ಹುಡುಗಿಯರ ಕೈಯಲ್ಲಿ. ಮನೆಯವರು ಒಳಗೆ ಬರಬಾರದೆಂಬ ನಿಯಮ ತಾನೇ ಮಾಡಿದ್ದು. ಹಾಗಾಗಿ ಬಾಗಿಲಾಚೆ ನಿಂತಳು. ಬಾಗಿಲು ತೆರೆದಾಗ ಮೊಮ್ಮಗಳ ಮುಖಕ್ಕಿಂತ ಮೊದಲು ಚಾರ್ಟು ನೋಡಿದಳು. ಯಾರಿಗಾದರೂ ಹೇಳಿಕೊಳ್ಳುವ ಮಾತೇ ಇದು? ಚಾರ್ಟಿನಲ್ಲಿ ಒಂದು ತಪ್ಪಿರಲಿಲ್ಲ.

ವಾರ ಕಳೆದ ಮೇಲೆ ಮಗುವಿನ ಬಟ್ಟೆ ಮಡಚುತ್ತಾ ಸೊಸೆ ಹೇಳಿದ್ದಳು: "ಎಲ್ಲಾ ಚೆನ್ನಾಗೇ ನೋಡ್ಕೊಂಡ್ರು ಅತ್ತೆ. ಆದ್ರೆ ಒಬ್ಬಳು ಮೆಷಿನ್ ನೋಡ್ತಿದ್ಲು, ಒಬ್ಬಳು ವಾಚು ನೋಡ್ತಿದ್ಲು. ನನ್ನ ಮುಖ ನೋಡೋರು ಯಾರೂ ಇರ್ಲಿಲ್ಲ."

ದೂರುವ ದನಿಯೇ ಅಲ್ಲ. ಅದಕ್ಕೇ ಗಡಿಯಾರದಮ್ಮ ಇವತ್ತು ಲೈಬ್ರರಿಯಿಂದ ಸ್ಟೂಲು ಎತ್ತಿಕೊಂಡು ಬಂದದ್ದು.

ಆಕೆ ಕಲಿಯಲು ಬಂದ ಕಾಲದಲ್ಲಿ ಈ ಶಾಲೆಯ ಯಜಮಾನಿಕೆ ದೊಡ್ಡಕ್ಕನದು. ಗಟ್ಟಿ ಕಾಯದ, ಮೆತ್ತಗೆ ಮಾತಾಡುವ ಹೆಂಗಸು. ಅವರ ಮೊದಲ ಪಾಠಕ್ಕೆ ಪುಸ್ತಕವೂ ಇಲ್ಲ, ಕರಿಹಲಗೆಯೂ ಇಲ್ಲ. ಹೆರಿಗೆ ಕೋಣೆಯ ಬಾಗಿಲಲ್ಲಿ ಹತ್ತಿ ಇಡುವ ತಗಡಿನ ಡಬ್ಬಿ ಹಿಡಿದು ನಿಂತು, ಹುಡುಗಿಯ ವಾಚು ಬಿಚ್ಚಿಸಿ ಅದರೊಳಗೆ ಹಾಕಿಸಿಕೊಳ್ಳುತ್ತಿದ್ದರು. ನೋವು ತಿನ್ನುವವಳ ತಲೆಯ ಬಳಿ ಈ ಸ್ಟೂಲು. ಅವಳು ಬಂದಾಗಿನಿಂದ ಹೆರುವ ತನಕ ಹುಡುಗಿ ಅದರ ಮೇಲೆ ಕೂರಬೇಕು. ಕತ್ತರಿ, ಕೈಗವಸು ಏನನ್ನೂ ಮುಟ್ಟುವಂತಿಲ್ಲ. ಸಿಲಬಸ್ಸಿನಲ್ಲಿ ಅದಕ್ಕೆ ಒಂದೇ ಸಾಲು: 'ಸುಮ್ಮನೆ ಕೂರುವುದು, ಹನ್ನೆರಡು ಗಂಟೆ.'

ಗಡಿಯಾರದಮ್ಮನ ಪಾಲಿಗೆ ಬಂದವಳು ಒಬ್ಬ ಹೊಲಿಗೆಯವಳು. ಬೆರಳ ತುದಿಯೆಲ್ಲ ಸೂಜಿ ಚುಚ್ಚಿ ಒರಟಾಗಿತ್ತು. ಅರ್ಧಕ್ಕೆ ಹಸಿರು ಬಳಿದ ಗೋಡೆ, ಫಿನಾಯಿಲ್ ವಾಸನೆ, ಮೂಲೆಯಲ್ಲಿ ಸಾಮಾನು ಕುದಿಸುವ ಪಾತ್ರೆಯ ಆವಿ. ಎರಡು ನೋವಿನ ನಡುವೆ ಅವಳು, ಯಾರದೋ ರವಿಕೆಗೆ ತೋಳನ್ನು ಹಿಂದುಮುಂದಾಗಿ ಕೂಡಿಸಿದ ಕತೆ ಹೇಳಿ ಬಿದ್ದು ಬಿದ್ದು ನಕ್ಕಳು. ನೋವು ಬಂದಾಗ ಸ್ಟೂಲಿನ ಮೇಲಿದ್ದ ಹುಡುಗಿಯ ಮಣಿಕಟ್ಟು ಹಿಡಿದಳು. ಮಧ್ಯಾಹ್ನ ತಿರುಗುವಷ್ಟರಲ್ಲಿ ಹುಡುಗಿಗೆ ಒಂದು ಸಂಗತಿ ಗೊತ್ತಾಯಿತು: ನೋವು ಏಳುವ ಮುಂಚೆ ಇವಳ ಕಾಲ್ಬೆರಳು ಮಡಚಿಕೊಳ್ಳುತ್ತದೆ. ಯಾವ ವಾಚೂ ಹೇಳದ ಸಂಗತಿ. ಬೆರಳು ಮಡಚಿತೋ, ಹುಡುಗಿ ಕೈ ಮುಂದೆ ಚಾಚುತ್ತಿದ್ದಳು. ಅಷ್ಟು ಸಂತೋಷವಾಗಿ ಅವಳು ಆಮೇಲೆ ಯಾವ ಪಾಠವನ್ನೂ ಕಲಿಯಲಿಲ್ಲ. ಆದರೆ ಅದನ್ನು ಪಾಠವೆಂದು ಲೆಕ್ಕಕ್ಕೇ ಹಿಡಿಯಲಿಲ್ಲ, ಅದೇ ತಮಾಷೆ.

ಮರುದಿನ ಬೆಳಿಗ್ಗೆ ದೊಡ್ಡಕ್ಕ ಬಾಣಂತಿಯ ಮಂಚದ ಬಳಿ ಬಗ್ಗಿ, "ಹುಡುಗಿ ಇದ್ದಳಾ?" ಎಂದು ಕೇಳುವುದು ಕಿವಿಗೆ ಬಿತ್ತು. ಹನ್ನೆರಡು ಗಂಟೆ ಕೂತವಳು ಇಲ್ಲದೆ ಎಲ್ಲಿಗೆ ಹೋದಾಳು? ವಯಸ್ಸಾಗುವ ಮುಂಚೆಯೇ ಅರಳುಮರಳು ಪಾಪ ಎಂದು ಗೆಳತಿಯರೆಲ್ಲ ಬಾಯಿಗೆ ಸೆರಗು ಒತ್ತಿ ನಕ್ಕರು. ಆಮೇಲೆ ದೊಡ್ಡಕ್ಕ ಬಂದು ಗಡಿಯಾರದಮ್ಮನ ಕೆನ್ನೆ ತಟ್ಟಿ, "ನಾಳೆಯಿಂದ ಕೈಗವಸು ಹಾಕ್ಕೋ," ಎಂದರು. ಇನ್ನೊಬ್ಬ ಹುಡುಗಿಯನ್ನು ಮೂರು ಸಲ ಕೂರಿಸಿದರು. ಯಾಕೆಂದು ಯಾರಿಗೂ ತಿಳಿಯಲಿಲ್ಲ.

"ಅಕ್ಕ, ಎಲ್ಲಿದ್ದೀರಿ?" ಚಿಕ್ಕ ಮೇಡಂ ಮೇಜು ತಟ್ಟಿದಳು. "ಹೇಳಿ, ಸ್ಟೂಲಿನ ವಿಷಯ."

ಗಡಿಯಾರದಮ್ಮ ಹೇಳಿದಳು. ಮೇಡಂ ಗಮನವಿಟ್ಟು ಕೇಳಿ, ಹಳೆಯ ಫೈಲು ತರಿಸಿ ಪುಟ ತಿರುವಿದಳು.

"ಹೌದು, ಇತ್ತು. ಇಪ್ಪತ್ತೆರಡು ವರ್ಷದ ಹಿಂದೆ ತೆಗೆದಿದ್ದಾರೆ. ಯಾರೋ ಕೆಂಪು ಇಂಕಲ್ಲಿ ಬರ್ದಿದ್ದಾರೆ ನೋಡಿ, 'ಪರೀಕ್ಷಿಸಲು ಬಾರದ್ದು ಪಾಠವಲ್ಲ.' ಬರ್ದೋರು ಸರಿಯಾಗೇ ಬರ್ದಿದ್ದಾರೆ ಅಲ್ವಾ ಅಕ್ಕ?"

"ಆ ಯಾರೋ ನಾನೇ," ಎಂದಳು ಗಡಿಯಾರದಮ್ಮ.

ಚಹಾ ಬಂತು. ಯಾರೂ ಲೋಟಕ್ಕೆ ಕೈ ಹಾಕಲಿಲ್ಲ.

"ಹೊಸ ಚಾರ್ಟಿನ ಪಾಠಕ್ಕೆ ಹನ್ನೆರಡು ಗಂಟೆ ಬೇಕಿತ್ತು. ಇದೇ ಮೇಜು. ದೊಡ್ಡಕ್ಕ ಅಲ್ಲಿ, ಈಗ ನೀನು ಕೂತಿರೋ ಕಡೆ ಕೂತಿದ್ರು. ಎದುರಿಗೇ ಗೀಟು ಹೊಡೆದೆ. ಅವರು ಜಗಳ ಆಡ್ಲಿಲ್ಲ. 'ಜಾಗ ಬೇಕಾದ್ರೆ ನನ್ನದರಲ್ಲಿ ತೆಗಿ ಮಗಳೇ' ಅಂದ್ರು. ಸಹಿ ಹಾಕಿದ್ರು. ಹೋಗೋವಾಗ ಈ ಸ್ಟೂಲನ್ನ ತಾವೇ ಎತ್ಕೊಂಡು ಹೋಗಿ ಲೈಬ್ರರೀಲಿ ಇಟ್ರು." ಆಕೆ ಸ್ಟೂಲನ್ನು ತನ್ನ ಕಡೆ ಎಳೆದುಕೊಂಡಳು. "ನಾನು ಗೆದ್ದೆ ಅಂದ್ಕೊಂಡಿದ್ದೆ. ಅವರು ತೀರ್ಕೊಂಡು ಎಷ್ಟು ವರ್ಷ ಆಯ್ತು. ಈಗ ಯಾರ ಹತ್ರ ತಪ್ಪಾಯ್ತು ಅನ್ಲಿ?"

ಚಿಕ್ಕ ಮೇಡಂ ಕಲ್ಲುಹೃದಯದವಳಲ್ಲ. ಆದರೆ ನಾಳೆ ಮೇಲಿನವರಿಗೆ ಉತ್ತರ ಕೊಡಬೇಕಾದವಳು ಅವಳು. "ಅಕ್ಕ, ನನಗೂ ಬೇಕು ಅನ್ಸುತ್ತೆ. ಆದ್ರೆ ಫಾರಂ ನೋಡಿ. ಗಂಟೆ ಎಲ್ಲಿಂದ ತರೋದು? 'ಪರೀಕ್ಷೆಯ ವಿಧಾನ' ಅನ್ನೋ ಕಾಲಂ ಖಾಲಿ ಬಿಟ್ರೆ ಫೈಲೇ ವಾಪಸ್ ಬರುತ್ತೆ."

ಗುಮಾಸ್ತ ಪರದೆಯನ್ನು ಆಕೆಯ ಕಡೆ ತಿರುಗಿಸಿದ. ಒಟ್ಟು ಗಂಟೆಗಳಲ್ಲಿ ಸಾಸಿವೆಯಷ್ಟೂ ಸಂದಿಲ್ಲ. 'ಹೆರಿಗೆ ದಾಖಲೆ ಮತ್ತು ಚಾರ್ಟು' ಎಂಬಲ್ಲಿ ನಲವತ್ತು ಗಂಟೆ. ಇಪ್ಪತ್ತೆರಡು ವರ್ಷ ಆಕೆ ಮಗುವಿನಂತೆ ಸಾಕಿದ ಪಾಠ.

"ಜಾಗ ಬೇಕಾದ್ರೆ ನನ್ನದರಲ್ಲಿ ತೆಗಿ ಮಗಳೇ," ಎಂದಳು.

ದೊಡ್ಡಕ್ಕನ ಅದೇ ಮಾತು ತನ್ನ ಬಾಯಲ್ಲೂ ಬಂತೆಂದು ಅಂದ ಮೇಲೆಯೇ ಹೊಳೆದದ್ದು. ದೊಡ್ಡಕ್ಕನಿಗೆ ಅವತ್ತು ಎಷ್ಟು ಸಂಕಟವಾಗಿರಬೇಕೆಂದು ಈಗ ಗೊತ್ತಾಯಿತು.

ಗುಮಾಸ್ತ ನಲವತ್ತನ್ನು ಇಪ್ಪತ್ತೆಂಟು ಮಾಡಿದ. "ಪರೀಕ್ಷಕರು ಯಾರು ಅಂತ ಹಾಕ್ಲಿ ಅಮ್ಮ?"

ಗಡಿಯಾರದಮ್ಮ ಸ್ಟೂಲಿನ ಕಡೆ ನೋಡಿದಳು. ಬಟ್ಟೆ ಮಡಚುತ್ತಿದ್ದ ಸೊಸೆಯ ಮಾತು ನೆನಪಾಯಿತು, ಯಾರೂ ಇರ್ಲಿಲ್ಲ. ಕೋಣೆಯ ತುಂಬ ಜನ ಇದ್ದೂ ಯಾರೂ ಇರಲಿಲ್ಲ. ಆಗ ದೊಡ್ಡಕ್ಕನ ದನಿ ನಲವತ್ತು ವರ್ಷದಾಚೆಯಿಂದ ಸ್ಪಷ್ಟವಾಗಿ ಕೇಳಿತು. ಅರಳುಮರಳು ಎಂದು ನಕ್ಕಿದ್ದರಲ್ಲ, ಅದೇ ಪ್ರಶ್ನೆ. ಆ ಇನ್ನೊಬ್ಬ ಹುಡುಗಿ ಮೂರು ಸಲ ಯಾಕೆ ಕೂರಬೇಕಾಯಿತೆಂಬುದೂ ಈಗ ತಿಳಿಯಿತು. ಪರೀಕ್ಷೆ ಇತ್ತು. ಮೊದಲಿನಿಂದಲೂ ಇತ್ತು. ದೊಡ್ಡಕ್ಕ ಬರೆದಿಡಲಿಲ್ಲ ಅಷ್ಟೆ.

"ಬರ್ಕೋಪ್ಪಾ," ಎಂದಳು. "ಪರೀಕ್ಷಕರು, ಹೆತ್ತವಳು. ಮರುದಿನ ಬೆಳಿಗ್ಗೆ ಒಂದೇ ಪ್ರಶ್ನೆ: ಹುಡುಗಿ ಇದ್ದಳಾ?"

"ಎಷ್ಟು ಅಂಕಕ್ಕೆ?"

"ಅಂಕ ಇಲ್ಲ. ಇದ್ದಳು ಅಂದ್ರೆ ಪಾಸು. ಇಲ್ಲ ಅಂದ್ರೆ ಮತ್ತೆ ಕೂರ್ಬೇಕು."

ಚಿಕ್ಕ ಮೇಡಂ ಪೆನ್ನು ತೆಗೆದು ಸಹಿ ಹಾಕಿದಳು. ಗಡಿಯಾರದಮ್ಮ ಎದೆಯ ಮೇಲಿನ ವಾಚು ಬಿಚ್ಚಿ ಮೇಜಿನ ಮೇಲಿಟ್ಟು, ಆರಿಹೋದ ಚಹಾ ಹಿಡಿದು ಸ್ಟೂಲಿನ ಮೇಲೆ ಕೂತಳು. ಆ ಹೊಲಿಗೆಯವಳ ಹೆಸರೂ ಈಗ ನೆನಪಿರಲಿಲ್ಲ. ಆದರೆ ಅವತ್ತು ಮಂಚದ ಮೇಲಿಂದ ಅವಳು ದೊಡ್ಡಕ್ಕನಿಗೆ ಏನು ಉತ್ತರ ಕೊಟ್ಟಿದ್ದಳೆಂದು ಗೊತ್ತಾಗಿತ್ತು. ತಾನು ಪಾಸಾದ ಸುದ್ದಿ ಆಕೆಗೆ ನಲವತ್ತು ವರ್ಷ ತಡವಾಗಿ ಮುಟ್ಟಿತು.